ಬೆಲ್ಲ ಉಂಡ ಹೆಪ್ಪು

ಈ ಕಥೆಯನ್ನು ಅರ್ಧ ಹೇಳುವವರು ಹೊಳೆಯ ಎರಡೂ ದಡದಲ್ಲಿ ಬೇಕಾದಷ್ಟು ಜನ ಸಿಕ್ಕುತ್ತಾರೆ. ಪೂರಾ ಹೇಳಬಲ್ಲವನು ಒಬ್ಬನೇ. ಅವನ ಕೈಗೇ ಸಿಕ್ಕಿದ್ದೀರಿ, ಪುಣ್ಯವಂತರು, ಕೂತು ಕೇಳಿ.

ಹೊಳೆ ಎರಡು ಸೀಳಾಗಿ ಮತ್ತೆ ಕೂಡುವ ಜಾಗದಲ್ಲಿ ಒಂದು ಮಠ. ಮಠ ಅಂದ ಕೂಡಲೆ ಕಲ್ಲಿನ ಕಂಬ, ದೊಡ್ಡ ಬಾಗಿಲು ಅಂತೆಲ್ಲ ಅಂದುಕೊಳ್ಳಬೇಡಿ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಹಿಂದುಗಡೆ ದನದ ಕೊಟ್ಟಿಗೆ.

ಅಲ್ಲಿದ್ದ ಗುರುವನ್ನು ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು. ಅವರಿಗಿಂತ ಮುಂಚೆ ಇದ್ದವರೂ ಅಜ್ಜಯ್ಯ. ಅವರಿಗೂ ಮುಂಚಿನವರು ಅಜ್ಜಯ್ಯ.

ಆ ಮಠದಲ್ಲಿ ದೇವರಿಗಿಂತ ಒಂದು ತೂಕ ಹೆಚ್ಚು ಅಂದರೆ ಒಂದು ಮಣ್ಣಿನ ಕುಡಿಕೆ. ಕುಡಿಕೆಯೊಳಗೆ ಮೊಸರಿನ ಹೆಪ್ಪು.

ಮೊದಲನೆಯ ಅಜ್ಜಯ್ಯ ಕಾಡು ದಾಟಿ ಇಲ್ಲಿಗೆ ಬಂದಾಗ ಒಂದು ಕೈಯಲ್ಲಿ ಹುಲಿಯ ಕಿವಿ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಈ ಹೆಪ್ಪಿನ ಕುಡಿಕೆ. ಹುಲಿ ಆಮೇಲೆ ಏನಾಯಿತು ಅಂತ ಕೇಳಬೇಡಿ, ಅದು ಬೇರೆ ಕಥೆ.

ಅವತ್ತಿನಿಂದ ಆ ಹೆಪ್ಪಿನ ಎಳೆ ತುಂಡಾಗಿಲ್ಲ. ಸಂಜೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು. ಬೆಳಗ್ಗೆ ಆ ಮೊಸರಿನಿಂದಲೇ ಒಂದು ಚಮಚ ತೆಗೆದು ಮತ್ತೆ ಕುಡಿಕೆಗೆ. ಹೊರಗಿನ ಹೆಪ್ಪು ಮಠದ ಹೊಸಿಲು ದಾಟಬಾರದು ಅಂತ ಕಟ್ಟಳೆ.

ಮೊಸರು ಅಂದರೆ ಎಂಥ ಮೊಸರು! ಗಡಿಗೆಯನ್ನು ನೆತ್ತಿಯ ಮೇಲೆ ಮಗುಚಿಕೊಂಡು ಹೊಳೆ ಈಜಿದರೂ ಒಂದು ತೊಟ್ಟು ಬೀಳುತ್ತಿರಲಿಲ್ಲ. ಒಂದು ಸಲ ಕಾಗೆ ಬಂದು ಅದರ ಮೇಲೆ ಕೂತು, ಕಾಲು ಕಿತ್ತುಕೊಳ್ಳುವುದಕ್ಕೆ ಬೇರೆ ಕಾಗೆಗಳನ್ನು ಕೂಗಿ ಕರೆಯಬೇಕಾಯಿತು.

ಇನ್ನೊಂದು ಮಾತು. ಆ ಮಠದ ಅಜ್ಜಯ್ಯಂದಿರು ಮಠದಲ್ಲಿ ಸಾಯುವುದಿಲ್ಲ. ಹೊತ್ತು ಬಂತು ಅನ್ನಿಸಿದಾಗ ಹರಿಗೋಲು ಹತ್ತಿ ಹೊಳೆ ದಾಟುತ್ತಾರೆ. ತಿರುಗಿ ಬರುವುದಿಲ್ಲ.

ಹಿಂದಿನ ಅಜ್ಜಯ್ಯ ಹೊಳೆ ದಾಟಿದ ದಿನ ಗಡಿಗೆಯ ಹಾಲು ಮೊಸರಾಗಲಿಲ್ಲವಂತೆ. ಹೆಪ್ಪಿನ ಉಸಿರೂ ಅಜ್ಜಯ್ಯನ ಉಸಿರೂ ಒಂದೇ ದಾರದ ಎರಡು ತುದಿ ಅಂತ ಸುತ್ತಲಿನ ಹಳ್ಳಿಯವರ ನಂಬಿಕೆ.

ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದವನು ಕೆಂಚವೀರ. ಯಾಕೆಂದರೆ ಹೆಪ್ಪು ನೋಡಿಕೊಳ್ಳುವವನು ಅವನೇ.

ಕೆಂಚವೀರ ಹುಡುಗನಲ್ಲ. ಹುಬ್ಬಿನಲ್ಲಿ ಬಿಳಿ ಕೂದಲು ಇಣುಕುವ ವಯಸ್ಸು. ಆದರೂ ಅಜ್ಜಯ್ಯನನ್ನು ಕೇಳದೆ ಹುಲ್ಲುಕಡ್ಡಿ ಎತ್ತಿಡುವವನಲ್ಲ.

"ಅಜ್ಜಯ್ಯ, ಹಾಲು ಇಷ್ಟು ಬೆಚ್ಚಗಿದ್ದರೆ ಸಾಕಾ?"

"ಸಾಕು."

"ಅಜ್ಜಯ್ಯ, ಮೋಡ ಮುಚ್ಚಿದೆ. ಗಡಿಗೆಗೆ ಕಂಬಳಿ ಹೊದಿಸಲಾ?"

"ಹೊದಿಸು."

"ಒಂದೋ, ಎರಡೋ?"

"ಒಂದು ಸಾಕಪ್ಪ."

ಅಡುಗೆ ನೋಡಿಕೊಳ್ಳುತ್ತಿದ್ದ ದುಂಡಪ್ಪ ಒಲೆಯ ಮುಂದಿನಿಂದಲೇ ಚುಚ್ಚುತ್ತಿದ್ದ. "ಲೇ ಕೆಂಚ, ಆಕಳಿಕೆ ಬಂದರೂ ಅಜ್ಜಯ್ಯನ್ನ ಕೇಳಿಯೇ ಬಾಯಿ ತೆಗೀತೀಯೇನೋ?"

ಕೆಂಚವೀರನಿಗೆ ಅದೇನು ಅವಮಾನ ಅನ್ನಿಸುತ್ತಿರಲಿಲ್ಲ. ಕೇಳದೆ ಮಾಡುವ ಕೆಲಸ ಅಂದರೆ ಕಣ್ಣು ಕಟ್ಟಿಕೊಂಡು ಬಾವಿಕಟ್ಟೆಯ ಮೇಲೆ ನಡೆದ ಹಾಗೆ. ಕೇಳಿದರೆ ಅಜ್ಜಯ್ಯ ಹೇಳುತ್ತಾರೆ. ಹೇಳಿದರೆ ಎದೆ ತಣ್ಣಗಾಗುತ್ತದೆ. ಅಷ್ಟು ಸುಲಭ.

ಆ ಬೇಸಗೆ ಹುಲ್ಲು ಒಣಗಿತು. ದನಗಳನ್ನು ಗುಡ್ಡದ ಮೇಲಿನ ಹುಲ್ಲುಗಾವಲಿಗೆ ಹೊಡೆದರು. ಮಠದಲ್ಲಿ ಹಾಲಿನ ವಾಸನೆಯೂ ಉಳಿಯಲಿಲ್ಲ.

ಕುಡಿಕೆಯ ಹೆಪ್ಪು ದಿನೇ ದಿನೇ ಹುಳಿಯಾಗಿ, ಬಣ್ಣಗೆಟ್ಟು, ತಳಕ್ಕೆ ಇಳಿಯಿತು. ಕೆಂಚವೀರನ ಎದೆ ಅದರ ಜೊತೆಗೇ ಇಳಿಯಿತು.

ಅದೇ ಹೊತ್ತಿಗೆ ಹರಿಗೋಲಿನ ಭರಮ ಆಚೆ ದಡದ ಆಲೆಮನೆಯಿಂದ ಬೆಲ್ಲದ ಅಚ್ಚು ತಂದು ಹಾಕಿದ.

"ಅಜ್ಜಯ್ಯ, ಹೆಪ್ಪು ಹಸಿದು ಸಾಯ್ತಿದೆ. ಹಾಲಿಲ್ಲ. ಬೆಲ್ಲದ ನೀರು ಕೊಡಲಾ?"

ಅಜ್ಜಯ್ಯ ಹೊಳೆ ನೋಡುತ್ತಾ ಕೂತಿದ್ದರು. "ಹಸಿದಿದೆಯಾ?"

"ಹಸಿದಿದೆ."

"ಕೊಡು."

ಕೊಟ್ಟ. ಮಾರನೆಯ ದಿನವೇ ಕುಡಿಕೆಯ ತುಂಬ ನೊರೆ. ಗುಳ್ಳೆಯ ಮೇಲೆ ಗುಳ್ಳೆ. ಕುಡಿಕೆಗೆ ಕಿವಿಯಿಟ್ಟರೆ ಒಳಗೆ ಊರೇ ನಗುತ್ತಿದ್ದ ಹಾಗೆ ಸದ್ದು.

"ಕುಣೀತಿದೆ ಅಜ್ಜಯ್ಯ! ಹಾಲಿಗಿಂತ ಆಸೆಪಟ್ಟು ತಿನ್ನುತ್ತೆ!"

"ಆಸೆಪಟ್ಟು ತಿನ್ನೋದು ನೋಡೋಕೆ ಚೆಂದ," ಅಂದರು ಅಜ್ಜಯ್ಯ. ಅವತ್ತು ಅಷ್ಟೇ ಅಂದದ್ದು.

ಬೇಸಗೆಯುದ್ದಕ್ಕೂ ಹೆಪ್ಪಿಗೆ ಬೆಲ್ಲ. ದಿನವೂ ಹಳೆಯ ನೀರು ಬಸಿದು ಹೊಸ ಬೆಲ್ಲದ ನೀರು. ಹಾಲು ಹೇಗಿರುತ್ತದೆ ಅಂತ ಕುಡಿಕೆಗೆ ಮರೆತೇ ಹೋಗುವಷ್ಟು ದಿನ.

ಮೊದಲ ಮಳೆ ಬಿತ್ತು. ಹುಲ್ಲು ಚಿಗುರಿತು. ದನಗಳು ಗುಡ್ಡ ಇಳಿದು ಬಂದವು, ಕೆಚ್ಚಲು ತುಂಬಿಕೊಂಡು.

ಭರಮ ಬರಿಗೈಯಲ್ಲಿ ಬಂದ. "ಬೆಲ್ಲ ಮುಗೀತು. ಹೊಳೆ ತುಂಬೋಕೆ ಇನ್ನು ನಾಲ್ಕು ಮಳೆ ಸಾಕು. ಆಮೇಲೆ ನನ್ನ ಹರಿಗೋಲೂ ಇಲ್ಲ."

ಆ ಸಂಜೆ ಕೆಂಚವೀರ ಹಾಲು ಕಾಯಿಸಿ ಆರಿಸಿದ. "ಅಜ್ಜಯ್ಯ, ಇಷ್ಟು ಬೆಚ್ಚಗಿದ್ದರೆ ಸಾಕಾ?"

ಅಜ್ಜಯ್ಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಳೆಗಾಳಿಗೆ ಕೆಮ್ಮು ಹತ್ತಿತ್ತು. ಕೈ ಸ್ವಲ್ಪ ಮೇಲೆದ್ದು ಕೆಳಗೆ ಬಿತ್ತು. ಹೂಂ ಅಂದರೋ ಉಹೂಂ ಅಂದರೋ ತಿಳಿಯಲಿಲ್ಲ.

ಹೂಂ ಅಂತಲೇ ಇರಬೇಕು ಅಂದುಕೊಂಡು ಹೆಪ್ಪು ಹಾಕಿದ.

ಬೆಳಗ್ಗೆ ಎದ್ದವನೇ ಗಡಿಗೆಯ ಮುಚ್ಚಳ ತೆಗೆದ. ಮೇಲೆ ಕೆನೆ ಇತ್ತು. ಕೆನೆ ಸರಿಸಿ ಬೆರಳು ಅದ್ದಿದ.

ಬೆರಳಿನಿಂದ ಹಾಲು ತೊಟ್ಟಿಕ್ಕಿತು.

ಮೂಸಿದ. ಹುಳಿಯಿಲ್ಲ. ಅಲ್ಲಾಡಿಸಿದ. ಹಾಲು ಹಾಲಾಗಿಯೇ ಅತ್ತ ಇತ್ತ ಹೊರಳಿತು.

ಮುಚ್ಚಳ ಅಲ್ಲೇ ಬಿಸಾಡಿದ.

ಓಡಿ ಹೋಗಿ ಮಂಚದ ಪಕ್ಕ ಕೂತು ಕಿವಿಗೊಟ್ಟ.

ಅಜ್ಜಯ್ಯನ ಉಸಿರು ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಕೆಂಚವೀರ ತನ್ನ ಉಸಿರನ್ನೂ ಹಿಡಿದ. ಮಾಡಿನಿಂದ ಒಂದು ಹನಿ ಬಿತ್ತು. ಇನ್ನೊಂದು ಹನಿ ಬಿತ್ತು.

ಉಸಿರು ಹೊರಗೆ ಬಂತು.

ಅಜ್ಜಯ್ಯನಿಗೆ ಅವನು ಹೇಳಲಿಲ್ಲ. ಹೇಳಿದರೆ ದಾರದ ಆ ತುದಿಯೂ ಕಡಿದುಹೋದರೆ? ಮಜ್ಜಿಗೆ ಕೊಡುವ ಬಟ್ಟಲಲ್ಲಿ ಹಾಲನ್ನೇ ಹಾಕಿ ಕೊಟ್ಟ. ಅಜ್ಜಯ್ಯ ಎದ್ದು ಕುಡಿದರು. ಬಟ್ಟಲು ಕೊಟ್ಟರು. ಏನೂ ಅನ್ನಲಿಲ್ಲ. ಅವನಿಗೆ ಅದೇ ಹೆಚ್ಚು ಭಯವಾಯಿತು.

ದುಂಡಪ್ಪ ಗಡಿಗೆಗೆ ಇಣುಕಿ ನೋಡಿ ಶಿಳ್ಳೆ ಹಾಕಿದ. "ಕತೆ ಮುಗೀತು. ಹುಲಿಯ ಬಾಯಿಂದ ತಪ್ಪಿಸಿಕೊಂಡು ಬಂದ ಹೆಪ್ಪು, ನಿನ್ನ ಕೈಲಿ ತಪ್ಪಿಸಿಕೊಳ್ಳಲಿಲ್ಲ ನೋಡು."

"ದುಂಡಪ್ಪಣ್ಣ, ಮೆಲ್ಲಗೆ ಮಾತಾಡು."

"ಮೆಲ್ಲಗೆ ಅಂದರೆ ಸತ್ತದ್ದು ಏಳುತ್ತೇನೋ? ಹಿಂದಿನ ಅಜ್ಜಯ್ಯನ ಕಾಲದಲ್ಲೂ ಹೀಗೇ. ಬೆಳಗ್ಗೆ ಹಾಲು ಹಾಲಾಗೇ ಇತ್ತಂತೆ. ಸಂಜೆ ಹೊತ್ತಿಗೆ ಮಂಚ ಖಾಲಿ."

ಕೆಂಚವೀರ ಕಿವಿ ಮುಚ್ಚಿಕೊಂಡ.

"ಅಳಬೇಡ, ಕೇಳಿಲ್ಲಿ," ದುಂಡಪ್ಪನ ದನಿ ಇಳಿಯಿತು. ತಮಾಷೆಯ ಮನುಷ್ಯನಾದರೂ ಕೆಟ್ಟವನಲ್ಲ. "ನನ್ನ ತಂಗಿ ಮನೆ ಮೊಸರು ಕಲ್ಲು ಕಲ್ಲಾಗಿರುತ್ತೆ. ನಾಳೆ ತರ್ತೀನಿ. ಒಂದು ಚಮಚ ಹಾಕು. ಮೊಸರಾಗುತ್ತೆ. ಅಜ್ಜಯ್ಯ ಮಜ್ಜಿಗೆ ಕುಡೀತಾರೆ, ಬದುಕ್ತಾರೆ. ಯಾರಿಗೆ ಗೊತ್ತಾಗುತ್ತೆ?"

"ಕಟ್ಟಳೆ?"

"ಕಟ್ಟಳೆ ಏನು ಗಡಿಗೆಗೆ ಬಂದು ನಾಲಿಗೆ ಇಟ್ಟು ನೋಡುತ್ತಾ?"

ಆ ದಿನವೆಲ್ಲ ಕೆಂಚವೀರ ಗಡಿಗೆಗೂ ಮಂಚಕ್ಕೂ ನಡುವೆ ಓಡಾಡಿದ. ಗಡಿಗೆಗೆ ಬೆರಳು, ಮಂಚಕ್ಕೆ ಕಿವಿ. ಗಡಿಗೆಯೂ ಸುಮ್ಮನೆ. ಮಂಚವೂ ಸುಮ್ಮನೆ. ಎದುರಿಗೆ ಹೊಳೆ ಮಾತ್ರ ಕೆಂಪಗೆ ಏರುತ್ತಿತ್ತು. ಅದರ ಸದ್ದು ನಿನ್ನೆಗಿಂತ ಹತ್ತಿರವಾಗಿತ್ತು.

ಎರಡನೆಯ ಬೆಳಗೂ ಹಾಲು ಹಾಲೇ.

ಅವತ್ತು ಅಜ್ಜಯ್ಯ ಹೊಳೆಗೆ ಮೀಯಲು ಏಳಲಿಲ್ಲ. ಕೆಂಚವೀರ ಮಠಕ್ಕೆ ಬಂದ ಮೇಲೆ ಅಜ್ಜಯ್ಯ ಮೀಯದ ಬೆಳಗನ್ನು ಅವನು ನೋಡಿರಲಿಲ್ಲ.

ದುಂಡಪ್ಪ ಎಲೆಯ ದೊನ್ನೆಯಲ್ಲಿ ಮೊಸರು ತಂದು ಅವನ ಕೈಗಿಟ್ಟ. "ಹಾಕು. ಬೇಗ."

ಕೆಂಚವೀರ ಚಮಚ ತುಂಬಿದ. ಗಡಿಗೆಯ ಮೇಲಕ್ಕೆ ತಂದ. ಚಮಚ ನಡುಗುತ್ತಿತ್ತು. ಇನ್ನೊಂದು ಸಲ ನಡುಗಿದರೆ ತಾನಾಗಿ ಬೀಳುತ್ತಿತ್ತು. ಹಾಗೆ ಬಿದ್ದರೆ ಹಾಕಿದ ಪಾಪ ಇಲ್ಲವಲ್ಲ ಅಂತಲೂ ಅವನಿಗೆ ಅನ್ನಿಸಿತು.

"ಏನಪ್ಪ ಅದು?"

ಅಜ್ಜಯ್ಯ ಬಾಗಿಲಲ್ಲಿ ನಿಂತಿದ್ದರು. ಒಂದು ಕೈ ಗೋಡೆಯ ಮೇಲೆ.

ಚಮಚ ನೆಲಕ್ಕೆ ಬಿತ್ತು. ಕೆಂಚವೀರನೂ ಅದರ ಪಕ್ಕ ಬಿದ್ದ. "ಅಜ್ಜಯ್ಯ, ಹೆಪ್ಪು ಸತ್ತಿದೆ. ನಾನು ಕೊಂದೆ. ನೀವು ಹೋಗಬೇಡಿ."

ಅಜ್ಜಯ್ಯ ಬಂದು ಗಡಿಗೆಯ ಪಕ್ಕ ಕೂತರು. ಇಣುಕಲಿಲ್ಲ, ಮೂಸಲಿಲ್ಲ. "ಸತ್ತಿದೆ ಅಂತ ಯಾರು ಹೇಳಿದರು?"

"ಸುಮ್ಮನಿದೆ ಅಜ್ಜಯ್ಯ. ಗುಳ್ಳೆಯಿಲ್ಲ, ಹುಳಿಯಿಲ್ಲ."

"ಹೂಂ." ಗಡಿಗೆಗೆ ಮುಚ್ಚಳ ಮುಚ್ಚಿದರು. ಆಮೇಲೆ ಅಂದರು: "ದನ ಬಂದಿವೆ. ನಾಳೆ ಮಜ್ಜಿಗೆ ಕಡೀಬೇಕು. ಕಡಗೋಲು ತಾ."

ಕೆಂಚವೀರ ಕಂಬದ ಕಡೆ ನೋಡಿದ. ಕಡಗೋಲು ನೇತಾಡುತ್ತಿದ್ದ ಗೂಟ ಖಾಲಿ.

"ಎಲ್ಲಿ?"

"ಬೇಸಗೆಯಲ್ಲಿ ಹಾಲಿರಲಿಲ್ಲವಲ್ಲ, ಕಾಲಿಗೆ ತೊಡರುತ್ತೆ ಅಂತ ಅಟ್ಟಕ್ಕೆ ಹಾಕಿದೆ."

"ಅಟ್ಟದಲ್ಲಿ ಎಲ್ಲಿ?"

"ಮರೆತುಹೋಗಿದೆ ಅಜ್ಜಯ್ಯ."

"ಹುಡುಕು."

ಏಣಿ ಇಟ್ಟು ಹತ್ತಿದ. ಹಗಲಾದರೂ ಅಟ್ಟದಲ್ಲಿ ಕತ್ತಲು. ಬಾವಲಿಯ ವಾಸನೆ. ಮುಟ್ಟಿದ ಕಡೆಯೆಲ್ಲ ಜೇಡರ ಬಲೆ ಬೆರಳಿಗೆ ಹತ್ತಿತು. ಹಳೆಯ ಚಾಪೆಯ ಸುರುಳಿ ಸರಿಸಿದರೆ ತಣ್ಣಗೆ, ನಯವಾಗಿ ಏನೋ ಕೈಗೆ ಸಿಕ್ಕಿತು.

ಹಾವಿನ ಪೊರೆ. ಹಾವು ಇಲ್ಲೇ ಎಲ್ಲೋ ಇರಬೇಕು.

ಕೂಗಲು ಬಾಯಿ ತೆರೆದ. ದನಿ ಬರಲಿಲ್ಲ. ಕಾಲು ಏಳಲಿಲ್ಲ. ಮುಂದೆ ಹೋಗಲೂ ಆಗದೆ, ಕೆಳಗಿಳಿಯಲೂ ಆಗದೆ, ಅಲ್ಲೇ ಮಂಡಿಯೂರಿ ಕೂತುಬಿಟ್ಟ.

ಕೆಳಗಿನಿಂದ ದುಂಡಪ್ಪನ ದನಿ ಕೇಳಿತು. "ಅಜ್ಜಯ್ಯ, ಇವನೇನು ಮೇಲೆ ಸತ್ತನೇನು? ಸದ್ದೇ ಇಲ್ಲವಲ್ಲ!"

"ಸತ್ತಿಲ್ಲ," ಅಂದಿತು ಅಜ್ಜಯ್ಯನ ದನಿ. "ಅಟ್ಟದಲ್ಲಿ ಹುಡುಕುತ್ತಿದ್ದಾನೆ."

ಆ ಮಾತು ಕೇಳಿದ ಮೇಲೆ ಹುಡುಕದೆ ಇರುವುದು ಹೇಗೆ? ಕೆಂಚವೀರ ಕೈ ಚಾಚಿದ. ಮುರಿದ ಮೊರ. ಹಗ್ಗದ ಸುರುಳಿ. ಇನ್ನೂ ಆಚೆ, ಮಾಡು ಇಳಿಜಾರಾಗುವ ಮೂಲೆಯಲ್ಲಿ, ಅವನ ಕೈ ಎಷ್ಟೋ ಸಾವಿರ ಸಲ ಹಿಡಿದಿದ್ದ ಮರದ ಹಿಡಿ.

ಹಿಡಿದ ಕೂಡಲೆ ಕೈಗೆ ಗುರುತು ಸಿಕ್ಕಿತು.

ಕೆಳಗಿಳಿದಾಗ ಅವನ ತಲೆಗೂದಲ ತುಂಬ ಜೇಡರ ಬಲೆ. ದುಂಡಪ್ಪ ನಕ್ಕ. "ಒಂದೇ ಗಳಿಗೆಯಲ್ಲಿ ಅಜ್ಜಯ್ಯನಿಗಿಂತ ಮುದುಕ ಆಗಿ ಬಂದ ನೋಡಿ."

ಕೆಂಚವೀರ ಕಡಗೋಲನ್ನು ಅಜ್ಜಯ್ಯನ ಮುಂದಿಟ್ಟ. ಆಮೇಲೆ ಗಡಿಗೆ ನೋಡಿದ. ಮತ್ತೆ ಕಡಗೋಲು ನೋಡಿದ.

"ಅಜ್ಜಯ್ಯ, ಹೆಪ್ಪಿನೊಳಗೆ ಯಾರಿದ್ದಾರೆ?"

"ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು. ಕೋಟಿ ಬಾಯಿ. ಬೆಲ್ಲ ತಿನ್ನೋಕೆ ಅವಕ್ಕೆ ಕಷ್ಟ ಇಲ್ಲ. ಹಾಲಿನಲ್ಲೂ ಒಂದು ಸಿಹಿ ಇದೆ, ಆದರೆ ಅದು ಗಟ್ಟಿ. ಅದನ್ನ ಒಡೆದು ತಿನ್ನೋಕೆ ಬೇರೆ ಸಲಕರಣೆ ಬೇಕು."

"ಆ ಸಲಕರಣೆ ಅವುಗಳ ಹತ್ತಿರ ಇತ್ತಲ್ಲ?"

"ಇತ್ತು. ಬೆಲ್ಲ ಸಿಗೋವಾಗ ಅದು ಯಾಕೆ? ಕಾಲಿಗೆ ತೊಡರುತ್ತೆ."

ಕೆಂಚವೀರನ ಮೈಯಲ್ಲಿ ಸ್ವಲ್ಪ ಬಿಸಿ ಹರಿಯಿತು. "ಹಾಗಾದರೆ ಅವು ಹುಡುಕುತ್ತಿವೆ."

"ಹುಡುಕುತ್ತಿರಬಹುದು."

"ಇರಬಹುದು?"

"ಬೆಲ್ಲ ಬಹಳ ದಿನ ಆಯಿತಲ್ಲಪ್ಪ. ಅಟ್ಟಕ್ಕೆ ಹಾಕಿದವು ಕೆಲವು. ಅಟ್ಟಕ್ಕಾದರೂ ಯಾಕೆ ಅಂತ ಒಲೆಗೆ ಹಾಕಿದವು ಕೆಲವು. ಒಲೆಗೆ ಹಾಕಿದವರ ಮಕ್ಕಳಿಗೆ ಅಂಥದೊಂದು ಇತ್ತು ಅನ್ನೋದೇ ಗೊತ್ತಿಲ್ಲ. ಹಾಲಿನ ನಡುವೆ ಕೂತು ಹಸಿದು ಸಾಯ್ತವೆ."

ಬಿಸಿ ಹರಿದಷ್ಟೇ ಬೇಗ ಇಳಿದು ಹೋಯಿತು.

"ಎಲ್ಲವೂ ಒಲೆಗೆ ಹಾಕಿದ್ದರೆ, ಅಜ್ಜಯ್ಯ?"

"ನೀನು ಅಂದದ್ದೇ ಸರಿ. ಸತ್ತಿದೆ."

"ಕೆಲವಾದರೂ ಇಟ್ಟುಕೊಂಡಿದ್ದರೆ?"

"ಕೋಟಿಯಲ್ಲಿ ನಾಲ್ಕು ಮುದುಕಿಯರು ಇರ್ತಾರೆ, ಎಲ್ಲರೂ ನಕ್ಕರೂ ಹಳೇ ಸಾಮಾನು ಬಿಸಾಡದವರು. ನಾಲ್ಕು ಸಾಕು. ಅವರ ಮಕ್ಕಳಿಂದಲೇ ಗಡಿಗೆ ತುಂಬುತ್ತೆ."

ಕೆಂಚವೀರ ಅಜ್ಜಯ್ಯನ ಮುಖ ನೋಡಿದ. ಎಂದೂ ಬರದ ಮಾತು ಅವನ ಬಾಯಿಂದ ಹೊರಬಿತ್ತು. "ಬೆಲ್ಲ ಕೊಡು ಅಂದದ್ದು ನೀವೇ ಅಲ್ವಾ?"

ದುಂಡಪ್ಪ ಉಸಿರು ಹಿಡಿದ.

"ಹೌದು," ಅಂದರು ಅಜ್ಜಯ್ಯ. "ನೀನು ಕೇಳಿದೆ, ನಾನು ಅಂದೆ. ನೀನು ಕೇಳೋದು, ನಾನು ಅನ್ನೋದು. ಎಷ್ಟು ವರ್ಷ ಆಯಿತಪ್ಪ ಹೀಗೆ?"

ಕೆಂಚವೀರ ಬೆರಳು ಮಡಿಸಿ ಎಣಿಸತೊಡಗಿದ.

ಅಜ್ಜಯ್ಯ ಗೋಡೆ ಹಿಡಿದು ಎದ್ದರು. "ಗಡಿಗೆಗೆ ಬೆಲ್ಲ ಹಾಕಬೇಡ. ಬೇರೆ ಮೊಸರು ಹಾಕಬೇಡ. ಕಾಯಿ. ಇವತ್ತು ಸಂಜೆಗೆ ಆಗದಿದ್ದರೆ ಹೊಳೆಗೆ ಸುರಿ. ಮತ್ತೆ, ಈ ಗಡಿಗೆಯ ವಿಷಯ ಇನ್ನು ನನ್ನ ಕೇಳಬೇಡ."

ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮಧ್ಯಾಹ್ನ ಗಾಳಿ ಎದ್ದಿತು. ಎಂಥ ಗಾಳಿ ಅಂದರೆ ಹೊಳೆಯ ಮೀನು ದಡಕ್ಕೆ ಬಂದು ಬಂಡೆಯ ಮರೆಯಲ್ಲಿ ಕೂತವು. ಮಾಡಿನ ಹುಲ್ಲು ಹಾರಿತು. ಒಲೆಯ ಮೇಲೆ ಮಳೆನೀರು ಸುರಿದು ಬೆಂಕಿ ಆರಿತು. ಕಂಬಳಿ ತೊಯ್ದಿತು.

ಕೆಂಚವೀರ ಗಡಿಗೆಗೆ ಅಂಗೈಯಿಟ್ಟ. ಆರುತ್ತಿದೆ. ಹಾಲು ತಣ್ಣಗಾದರೆ ಆ ನಾಲ್ಕು ಮುದುಕಿಯರೂ ಮುದುಡಿ ಮಲಗುತ್ತಾರೆ.

"ಅಜ್ಜ..." ಅಂದ. ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ.

ಮಂಚದಿಂದ ಒಂದು ಕೆಮ್ಮು ಬಂತು.

ಬಿಸಿ ಎಲ್ಲಿದೆ? ಒಲೆಯಲ್ಲಿಲ್ಲ. ಬೂದಿಯಲ್ಲಿಲ್ಲ. ಬಿಸಿಲಂತೂ ಇಲ್ಲವೇ ಇಲ್ಲ. ಯೋಚಿಸಿ ಯೋಚಿಸಿ ತಲೆ ಬಿರಿಯಿತು. ಆಮೇಲೆ ತಲೆಯೇ ನಿಂತುಹೋಯಿತು. ಗಡಿಗೆ ತಬ್ಬಿಕೊಂಡು ಕಲ್ಲಿನ ಹಾಗೆ ಕೂತ. ಒಳಗೆ ಏನೂ ಇಲ್ಲ. ಹೊಳೆಯ ಸದ್ದು, ಮಂಚದ ಉಸಿರು, ಮತ್ತೆ ಹೊಳೆಯ ಸದ್ದು.

ಹಾಗೆ ಕೂತಿದ್ದಾಗ ಹಿಂದುಗಡೆಯಿಂದ ಒಂದು ಹಸು ನಿಟ್ಟುಸಿರು ಬಿಟ್ಟಿತು.

ಕೆಂಚವೀರ ಎದ್ದ. ಗಡಿಗೆಯನ್ನು ಕೊಟ್ಟಿಗೆಗೆ ಒಯ್ದ. ಮೆಲುಕು ಹಾಕುತ್ತಾ ಮಲಗಿದ್ದ ಕರಿ ಹಸುವಿನ ಹೊಟ್ಟೆಗೆ ಗಡಿಗೆ ಆನಿಸಿ, ಈ ಕಡೆಯಿಂದ ತಾನು ಒರಗಿದ. ನಡುವೆ ಗಡಿಗೆ. ಈಚೆಗೆ ಮನುಷ್ಯ, ಆಚೆಗೆ ಹಸು. ತಾನು ಉಟ್ಟ ಪಂಚೆಯ ಅರ್ಧ ಬಿಚ್ಚಿ ಹೊದಿಸಿದ.

ಸರಿಯಾ ತಪ್ಪಾ ತಿಳಿಯದು. ಹಸು ಹೊರಳಿದರೆ ಗಡಿಗೆ ಚೂರು, ಅವನ ಪಕ್ಕೆಲುಬೂ ಚೂರು. ಆದರೂ ಗಡಿಗೆಯ ಹೊಟ್ಟೆ ನಿಧಾನವಾಗಿ ಬೆಚ್ಚಗಾಯಿತು.

ಅವನು ಮುಚ್ಚಳ ತೆಗೆಯಲಿಲ್ಲ. ತೆಗೆದು ನೋಡುವ ಧೈರ್ಯವಿರಲಿಲ್ಲ.

ಹೊತ್ತು ಇಳಿಯಿತು. ದುಂಡಪ್ಪ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಅವನ ಬಾಯಲ್ಲಿ ತಮಾಷೆಯಿರಲಿಲ್ಲ. "ಸಂಜೆ ಆಯಿತು ಕಣೋ."

"ಹೂಂ."

"ಸುರಿಯೋದಾದರೆ ನಾನೇ ಸುರಿದು ಬರ್ತೀನಿ. ನೀನು ನೋಡಬೇಡ."

ಬೇಡ ಅಂತ ಕೆಂಚವೀರ ತಲೆಯಾಡಿಸಿದ. ಪಂಚೆ ಸರಿಸಿ ಮುಚ್ಚಳಕ್ಕೆ ಕೈ ಹಾಕಿದ. ತೆಗೆಯುವ ಮುಂಚೆಯೇ ಮೂಗಿಗೆ ಬಂತು.

ಸಣ್ಣಗೆ. ಬೆಳಗಿನ ಜಾವದ ಮಜ್ಜಿಗೆಯ ಹುಳಿ.

ಮುಚ್ಚಳ ತೆಗೆದ. ಗಡಿಗೆಯನ್ನು ಓರೆ ಮಾಡಿದ. ಮೇಲಿನ ಬಿಳುಪು ಅಲುಗಲಿಲ್ಲ. ಇನ್ನೂ ಓರೆ ಮಾಡಿದ. ದುಂಡಪ್ಪ "ಅಯ್ಯೋ, ಚೆಲ್ಲೀತು!" ಅಂತ ಕೈ ಒಡ್ಡಿದ. ಅವನ ಕೈಗೆ ಒಂದು ತೊಟ್ಟೂ ಬೀಳಲಿಲ್ಲ.

"ನಾಲ್ಕು ಮುದುಕಿಯರು," ಅಂದ ಕೆಂಚವೀರ. "ದುಂಡಪ್ಪಣ್ಣ, ನಾಲ್ಕು ಮುದುಕಿಯರು."

ಗಡಿಗೆ ಎತ್ತಿಕೊಂಡು ಮಠದೊಳಗೆ ಓಡಿದ. "ಅಜ್ಜಯ್ಯ! ಆಯಿತು! ಮೊಸರಾಯಿತು!"

ಮಂಚ ಖಾಲಿ.

ಕಂಬಳಿ ಮಡಿಚಿಟ್ಟಿತ್ತು. ಕೋಲು ಇಲ್ಲ. ಜೋಳಿಗೆ ಇಲ್ಲ. ಕಂಬದ ಗೂಟದಲ್ಲಿ ಕಡಗೋಲು ನೇತಾಡುತ್ತಿತ್ತು.

ಗಡಿಗೆಯನ್ನು ಕೆಳಗಿಡಲೂ ತೋಚದೆ, ಅಪ್ಪಿಕೊಂಡೇ ಹೊಳೆಗೆ ಓಡಿದ. ಕೆಸರಿನಲ್ಲಿ ಜಾರಿದ, ಎದ್ದ, ಮತ್ತೆ ಓಡಿದ.

ಅಜ್ಜಯ್ಯ ಹರಿಗೋಲಿನಲ್ಲಿ ಕೂತಿದ್ದರು. ಭರಮ ದಡಕ್ಕೆ ಹುಟ್ಟು ಒತ್ತಿಕೊಂಡು ನಿಂತಿದ್ದ. ಹೊಳೆ ಕೆಂಪಗೆ, ಮರದ ಕೊಂಬೆಗಳನ್ನು ಹೊತ್ತು ಸುತ್ತುತ್ತಿತ್ತು.

"ಅಜ್ಜಯ್ಯ! ಹೆಪ್ಪು ಸತ್ತಿಲ್ಲ! ನೀವು ಹೋಗಬೇಕಾಗಿಲ್ಲ! ನೋಡಿ!"

ಅಜ್ಜಯ್ಯ ಕೈ ಚಾಚಿದರು. ಒಂದು ಬೆರಳು ಅದ್ದಿ ನಾಲಿಗೆಗಿಟ್ಟರು. ಕಣ್ಣು ಮುಚ್ಚಿ ಚಪ್ಪರಿಸಿದರು.

"ಎಲ್ಲಿಟ್ಟಿದ್ದೆ?"

"ಹಸುವಿನ ಹೊಟ್ಟೆಗೆ."

"ಯಾರು ಹೇಳಿದರು?"

"ಯಾರೂ ಇಲ್ಲ."

ಅಜ್ಜಯ್ಯನ ಮುಖ ಅರಳಿತು. ಕೆಂಚವೀರನಿಗೆ ಆಗ ಅರ್ಥವಾಯಿತು. ಮೊಸರಾಗದಿದ್ದರೆ ಅಜ್ಜಯ್ಯ ಹೋಗುತ್ತಾರೆ ಅಂತ ಅವನು ಹೆದರಿದ್ದ. ಹರಿಗೋಲು ಹತ್ತಿಯೂ ಹೊರಡದೆ, ಮೊಸರಾಗುವುದನ್ನೇ ಅವರು ಕಾಯುತ್ತಿದ್ದರು.

"ಹೋಗಬೇಡಿ ಅಜ್ಜಯ್ಯ." ಅವನು ಇನ್ನೂ ಒಂದು ಹೆಜ್ಜೆ ನೀರಿಗಿಳಿದ. "ನಾಳೆಯಿಂದ ನಾನು ಯಾರನ್ನ ಕೇಳಲಿ?"

ಕೆಂಚವೀರ ಕಾದ. ಯಾವಾಗಲೂ ಬರುತ್ತಿದ್ದ ಉತ್ತರ ಬರಲಿಲ್ಲ. ಅವನ ಬಾಯಿ ತೆರೆದಂತೆಯೇ ಉಳಿಯಿತು. ಕಣ್ಣು ಅಜ್ಜಯ್ಯನ ಮೇಲಿತ್ತು, ಆದರೆ ನೋಡುತ್ತಿರಲಿಲ್ಲ. ಮಳೆ ಹನಿ ಮುಖದ ಮೇಲೆ ಬಿದ್ದರೂ ರೆಪ್ಪೆ ಮಿಟುಕಲಿಲ್ಲ. ಗಡಿಗೆ ಅಪ್ಪಿಕೊಂಡು, ಮೊಣಕಾಲವರೆಗೆ ನೀರಿನಲ್ಲಿ, ನೆಟ್ಟ ಕಂಬದ ಹಾಗೆ ನಿಂತುಬಿಟ್ಟ.

ಭರಮನಿಗೆ ಹೆದರಿಕೆಯಾಯಿತು. ಹುಟ್ಟು ಕೈಬಿಟ್ಟ. "ಅಜ್ಜಯ್ಯ, ನಿಮ್ಮ ಶಿಷ್ಯ ನಿಂತಲ್ಲೇ ಪ್ರಾಣ ಬಿಟ್ಟನೇನೋ ನೋಡಿ! ಅಲ್ಲಾಡ್ತಾ ಇಲ್ಲ. ಇಳೀತೀರಾ?"

ಅಜ್ಜಯ್ಯ ಹರಿಗೋಲಿನ ಅಂಚು ಹಿಡಿದು ಸರಿಯಾಗಿ ಕೂತರು.

"ಹುಟ್ಟು ಹಾಕಪ್ಪ ಭರಮ. ಅವನು ಹುಡುಕೋಕೆ ಅಟ್ಟ ಹತ್ತಿದ್ದಾನೆ."